ಅಜ್ಜಿಯ ಕನ್ನಡ ತಪ್ಪಾ?

ದೊಡ್ಡಪ್ಪ: (ಫಾರ್ವರ್ಡ್ ಆದ ಚಿತ್ರ) ‘ಮನುಷ್ಯ ಉದ್ದ ಇರುವುದಿಲ್ಲ, ಎತ್ತರ ಇರುತ್ತಾನೆ. ಉದ್ದ ಇರುವುದು ಹಗ್ಗ ಮಾತ್ರ. ಸರಿಯಾದ ಕನ್ನಡ ಬಳಸಿ.’

ದೊಡ್ಡಪ್ಪ: ಮಕ್ಕಳೆಲ್ಲ ಓದಿ. ಒಳ್ಳೆಯ ಮಾತು ಹೇಳಿದ್ದಾರೆ.

ಅಕ್ಕ: ದೊಡ್ಡಪ್ಪ, ನಾನು ಒಪ್ಪುವುದಿಲ್ಲ. ‘ಹುಡುಗ ಎಷ್ಟು ಉದ್ದ ಆಗಿಬಿಟ್ಟ’ ಅಂತ ಅಜ್ಜಿ ಯಾವಾಗಲೂ ಹೇಳುತ್ತಿದ್ದರು. ಅಜ್ಜಿಯ ಕನ್ನಡ ತಪ್ಪಾ?

ದೊಡ್ಡಪ್ಪ: ಆಡುವ ಮಾತು ಬೇರೆ, ಬರೆಯುವ ಮಾತು ಬೇರೆ ಕಣಮ್ಮ.

ನಾನು: ‘ಎತ್ತರ’ದ ಒಳಗೆ ‘ಎತ್ತು’ ಕೂತಿದೆ ನೋಡಿ. ಎತ್ತಬೇಕಾದರೆ ಕೆಳಗೆ ನೆಲ ಬೇಕು. ನೆಟ್ಟ ಕಂಬ ಎತ್ತರ. ಅದನ್ನೇ ಕಿತ್ತು ಮಲಗಿಸಿದರೆ ಉದ್ದ. ಕಂಬ ಅದೇ.

ಚಿಕ್ಕಮ್ಮ: ಮಕ್ಕಳನ್ನು ಅಳೆಯುವಾಗಲೂ ಹೀಗೇ. 2 ವರ್ಷ ತುಂಬುವವರೆಗೆ ಮಗುವನ್ನು ಮಲಗಿಸಿ ಅಳೆಯುತ್ತೇವೆ, ಅದು ಉದ್ದ. ಆಮೇಲೆ ನಿಲ್ಲಿಸಿ ಅಳೆಯುತ್ತೇವೆ, ಅದು ಎತ್ತರ. ಮಲಗಿಸಿದಾಗ ಸುಮಾರು 0.7 ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಗಮನಿಸದಿದ್ದರೆ ಮಗು ಬೆಳೆದೇ ಇಲ್ಲವೇನೋ ಅಂತ ತಾಯಿ ಸುಮ್ನೆ ಗಾಬರಿಯಾಗುತ್ತಾಳೆ.

ದೊಡ್ಡಪ್ಪ: ಹಾಗಾದರೆ ಚಿತ್ರದಲ್ಲಿರುವುದೇ ಸರಿಯಾಯಿತಲ್ಲ!

ಅಕ್ಕ: ಅಳತೆಗೆ ಸರಿ. ಮಾತಿಗೆ ಯಾಕೆ ಬೇಲಿ?

ಅಣ್ಣ: ಎತ್ತರ ಅಂದ ಕೂಡಲೇ ‘ಎಲ್ಲಿಂದ?’ ಅಂತ ಕೇಳಬೇಕು. ಎವರೆಸ್ಟ್ ಸಮುದ್ರ ಮಟ್ಟದಿಂದ 8,848.86 ಮೀಟರ್. ಹವಾಯಿಯ ಮೌನಾ ಕೀ ಬರೀ 4,207. ಆದರೆ ಅದರ ಬುಡ ಕಡಲ ತಳದಲ್ಲಿದೆ. ಅಲ್ಲಿಂದ ಅಳೆದರೆ 10,000 ಮೀಟರ್ ದಾಟುತ್ತದೆ.

ನಾನು: ಹೌದು ಅಣ್ಣ. ಇನ್ನೊಂದು ವಿಷಯ. ಗೋಡೆ ಗಡಿಯಾರ ಗೇಣುದ್ದ ಇದ್ದರೂ ಎತ್ತರದಲ್ಲಿರುತ್ತದೆ. ಅಲ್ಲಿ ‘ಉದ್ದ’ ಹೊಂದುವುದೇ ಇಲ್ಲ. ದನಿ ಎತ್ತರಿಸಿದರೆ ಜೋರಾಗುತ್ತದೆ, ಉದ್ದ ಮಾಡಿದರೆ ರಾಗ ಎಳೆದಂತಾಗುತ್ತದೆ. ಎದೆಯೆತ್ತರ, ಮೊಣಕಾಲೆತ್ತರ, ಮುಗಿಲೆತ್ತರ. ಟೇಪು ಇಲ್ಲದೆ ಮೈಯಿಂದ, ಕಣ್ಣಿಂದ ಅಳೆದ ಮಾತುಗಳು ಇವು. ನನಗೆ ತುಂಬಾ ಇಷ್ಟ.

ನಾನು: ಈಗ ದೊಡ್ಡಪ್ಪನಿಗೆ ಒಂದು ಪ್ರಶ್ನೆ. ಆಳೆತ್ತರದ ಗೋಡೆ ಅನ್ನುತ್ತೇವೆ, ಸರಿ. ಗುಂಡಿಗೆ ಏನನ್ನುತ್ತೇವೆ?

ದೊಡ್ಡಪ್ಪ: ಆಳುದ್ದದ ಗುಂಡಿ.

ಅಕ್ಕ: ಆಳು + ಉದ್ದ! ಮನುಷ್ಯನ ಉದ್ದ ಅಲ್ವಾ ದೊಡ್ಡಪ್ಪ ಅದು?

ದೊಡ್ಡಪ್ಪ: …

ದೊಡ್ಡಪ್ಪ: ಇದು ನನಗೆ ಹೊಳೆದೇ ಇರಲಿಲ್ಲ. ‘ಹಗ್ಗ ಮಾತ್ರ’ ಅನ್ನುವುದನ್ನು ಕೈಬಿಟ್ಟೆ. ಆದರೆ ಅರ್ಜಿ ತುಂಬುವಾಗ ಎತ್ತರ ಅಂತಲೇ ಬರೆಯಿರಿ.

ಅಕ್ಕ: ಅದಕ್ಕೆ ನನ್ನ ತಕರಾರಿಲ್ಲ.

ಚಿಕ್ಕಮ್ಮ: ನನ್ನದೂ ಇಲ್ಲ ಭಾವ.

ದೊಡ್ಡಪ್ಪ: ಈ ಚಿತ್ರವನ್ನು ಇನ್ನೊಂದು ಗುಂಪಿಗೂ ಹಾಕಿದ್ದೆ. ಆಳುದ್ದದ ವಿಷಯ ಅಲ್ಲೂ ಬರೆಯುತ್ತೇನೆ.