ಕೈಯಿಂದ ಓಡಿಸಿದರೆ ಓಡುವ ಬ್ಯಾಕಪ್ ಸ್ಕ್ರಿಪ್ಟ್, ಕ್ರಾನ್‌ಗೆ ಒಪ್ಪಿಸಿದರೆ ಓಡುತ್ತಿಲ್ಲ

ಪ್ರಶ್ನೆ: ಕಪಾಟು

ನಮಸ್ಕಾರ. ನಮ್ಮ ಕಾಲೇಜಿನ ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಕೋಹಾ ತಂತ್ರಾಂಶ, ಡೆಬಿಯನ್ ಲಿನಕ್ಸ್ ಹಾಕಿದ ಒಂದು ಕಂಪ್ಯೂಟರಿನಲ್ಲಿದ್ದು, ಅದರ ನಿರ್ವಹಣೆ ನನ್ನ ಪಾಲಿನದು. ಡೇಟಾಬೇಸಿನ ಬ್ಯಾಕಪ್ ತೆಗೆಯುವುದು, ಹಳೆಯ ಬ್ಯಾಕಪ್‌ಗಳನ್ನು ಅಳಿಸುವುದು, ಡಿಸ್ಕಿನಲ್ಲಿ ಉಳಿದ ಜಾಗ ನೋಡುವುದು, ಇವನ್ನೆಲ್ಲ ದಿನವೂ ಕೈಯಿಂದ ಮಾಡುವ ಬದಲು ಒಂದು ಶೆಲ್ ಸ್ಕ್ರಿಪ್ಟ್ (ಆದೇಶಗಳ ಕಡತ) ಬರೆದು, ರಾತ್ರಿ 2 ಗಂಟೆಗೆ ಓಡುವಂತೆ ರೂಟ್ (ನಿರ್ವಾಹಕ) ಬಳಕೆದಾರನ ಕ್ರಾನ್‌ಟ್ಯಾಬ್‌ಗೆ, ಅಂದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನ ಪಟ್ಟಿಗೆ, ಸೇರಿಸಿದ್ದೇನೆ. ವರದಿಯು ಆಯಾ ದಿನಾಂಕದ ಹೆಸರಿನ ಕಡತಕ್ಕೆ ಹೋಗಲೆಂದು ಅದೇ ಸಾಲಿನಲ್ಲಿ ಡೇಟ್ ಆದೇಶವನ್ನೂ ಶೇಕಡಾ ಚಿಹ್ನೆಯೊಂದಿಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ, ಆದರೆ ಬೆಳಿಗ್ಗೆ ಬಂದು ನೋಡಿದರೆ ಬ್ಯಾಕಪ್ಪೂ ಇಲ್ಲ, ವರದಿಯೂ ಇಲ್ಲ. ಸ್ಕ್ರಿಪ್ಟನ್ನು ಬ್ಯಾಕಪ್.ಎಸ್‌ಎಚ್ ಎಂಬ ಹೆಸರಿನಲ್ಲಿ, ದಿನಕ್ಕೊಮ್ಮೆ ಓಡಬೇಕಾದ ಕಡತಗಳ ಕ್ರಾನ್.ಡೈಲಿ ಡೈರೆಕ್ಟರಿಯಲ್ಲಿ ಇಟ್ಟರೂ ಅದೇ ಕಥೆ. ಪರೀಕ್ಷೆಯ ದಿನಗಳಲ್ಲಿ ವಾಚನಾಲಯ ರಾತ್ರಿಯೂ ತೆರೆದಿರುವುದರಿಂದ ಕಂಪ್ಯೂಟರ್ ಚಾಲೂ ಇರುತ್ತದೆ, ಉಳಿದಂತೆ ಸಂಜೆ ಕಟ್ಟಡದ ಮೇನ್ ಸ್ವಿಚ್ ಆರಿಸುವುದು ವಾಡಿಕೆ. ಚಾಲೂ ಇದ್ದ ರಾತ್ರಿಗಳಲ್ಲೂ ಏಕೆ ಓಡಲಿಲ್ಲ ಎಂಬುದು ತಿಳಿಯುತ್ತಿಲ್ಲ.

ಉತ್ತರ: ತುಂಗಾತೀರ

ಮೊದಲು ಆ ಶೇಕಡಾ ಚಿಹ್ನೆಯನ್ನು ಸಾಲಿನಿಂದ ತೆಗೆಯಿರಿ. ಕ್ರಾನ್‌ಟ್ಯಾಬ್‌ನಲ್ಲಿ ಆ ಚಿಹ್ನೆ ಸಿಕ್ಕಿದಲ್ಲಿಗೆ ಆದೇಶ ಮುಗಿಯಿತೆಂದು ಕ್ರಾನ್ ಭಾವಿಸುತ್ತದೆ, ಅದರ ನಂತರದ ಅಕ್ಷರಗಳನ್ನು ಆ ಆದೇಶಕ್ಕೆ ಕೊಡುವ ಇನ್‌ಪುಟ್ ಎಂದು ಪರಿಗಣಿಸುತ್ತದೆ. ಹೀಗಾಗಿ ನಿಮ್ಮ ಸಾಲು ಡೇಟ್ ಆದೇಶದ ನಡುವೆಯೇ ತುಂಡಾಗಿ, ಸ್ಕ್ರಿಪ್ಟ್ ಆರಂಭವಾಗುವ ಮೊದಲೇ ಶೆಲ್ ದೋಷ ಕೊಟ್ಟು ನಿಂತಿರುತ್ತದೆ. ಚಿಹ್ನೆಯ ಹಿಂದೆ ಬ್ಯಾಕ್‌ಸ್ಲ್ಯಾಷ್ ಹಾಕಿದರೂ ನಡೆಯುತ್ತದೆ, ಆದರೆ ದಿನಾಂಕದ ಕೆಲಸವನ್ನು ಸ್ಕ್ರಿಪ್ಟಿನ ಒಳಗೇ ಇಡುವುದು ಮೇಲು.

ಎರಡನೆಯದು ಹೆಸರಿನ ತೊಡಕು. ಕ್ರಾನ್.ಡೈಲಿಯಲ್ಲಿರುವ ಕಡತಗಳನ್ನು ಓಡಿಸುವ ರನ್‌-ಪಾರ್ಟ್ಸ್, ಡೆಬಿಯನ್‌ನಲ್ಲಿ ಅಕ್ಷರ, ಅಂಕಿ, ಹೈಫನ್ ಮತ್ತು ಅಂಡರ್‌ಸ್ಕೋರ್ ಇರುವ ಹೆಸರುಗಳನ್ನು ಮಾತ್ರ ಒಪ್ಪುತ್ತದೆ. ಚುಕ್ಕೆ ಇರುವ ಹೆಸರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹೆಸರನ್ನು ಬರೀ ಬ್ಯಾಕಪ್ ಎಂದು ಬದಲಿಸಿ, ಓಡಿಸುವ ಅನುಮತಿ ಕೊಟ್ಟು, ರನ್‌-ಪಾರ್ಟ್ಸನ್ನು ಟೆಸ್ಟ್ ಆಯ್ಕೆಯೊಂದಿಗೆ ನಡೆಸಿದರೆ ಯಾವ ಕಡತಗಳು ಓಡುತ್ತವೆ ಎಂಬ ಪಟ್ಟಿ ಕಾಣುತ್ತದೆ.

ಕ್ರಾನ್‌ಗೆ ಸಿಗುವ ಪಾತ್ (ಆದೇಶಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ) ಕೂಡ ನಿಮ್ಮ ಟರ್ಮಿನಲ್‌ನ ಪಾತ್‌ಗಿಂತ ಬಹಳ ಚಿಕ್ಕದು, ಆದ್ದರಿಂದ ಆದೇಶಗಳ ಪೂರ್ಣ ವಿಳಾಸ ಬರೆಯಿರಿ. ದೋಷದ ಸಂದೇಶಗಳನ್ನು ಕ್ರಾನ್ ಮೇಲ್ ಮೂಲಕ ಕಳಿಸುತ್ತದೆ. ಯಂತ್ರದಲ್ಲಿ ಮೇಲ್ ತಂತ್ರಾಂಶವೇ ಇಲ್ಲದಿದ್ದರೆ ಆ ಸಂದೇಶವನ್ನು ಎಸೆಯಲಾಯಿತು ಎಂಬ ಅರ್ಥದ ಒಂದು ಸಾಲು ಮಾತ್ರ ಸಿಸ್ಟಮ್ ಲಾಗ್‌ನಲ್ಲಿ ಉಳಿಯುತ್ತದೆ. ನಿಮ್ಮ ಲಾಗ್‌ನಲ್ಲಿ ಅದು ಖಂಡಿತ ಇರಬೇಕು, ಹುಡುಕಿ ನೋಡಿ.

ಉತ್ತರ: ಒಂಟಿ ದೀಪ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅಷ್ಟನ್ನು ಮಾಡಿದರೂ ಮೇನ್ ಸ್ವಿಚ್ ಆರಿದ ರಾತ್ರಿಗಳ ಸಮಸ್ಯೆ ಉಳಿಯುತ್ತದೆ. ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ಆ ನಿಮಿಷದ ಕೆಲಸ ಇದೆಯೇ ಎಂದು ಮಾತ್ರ ನೋಡುತ್ತದೆ, ತಪ್ಪಿಹೋದ ಕೆಲಸಕ್ಕೆ ಅದು ಹಿಂದಿರುಗಿ ಹೋಗುವುದಿಲ್ಲ. ಡೆಬಿಯನ್‌ನ ಕ್ರಾನ್.ಡೈಲಿಗೆ ನಿಗದಿಯಾದ ಹೊತ್ತು ಬೆಳಿಗ್ಗೆ 6:25. ಹತ್ತು ಗಂಟೆಗೆ ಚಾಲೂ ಆಗುವ ಯಂತ್ರದಲ್ಲಿ ಆ ಹೊತ್ತು ಬರುವುದೇ ಇಲ್ಲ. ಕೋಹಾದ ಡೆಬಿಯನ್ ಪ್ಯಾಕೇಜ್ ತಾನಾಗಿ ದಿನವೂ ಒಂದು ಬ್ಯಾಕಪ್ ತೆಗೆಯುವ ಏರ್ಪಾಡನ್ನು ಅದೇ ಡೈರೆಕ್ಟರಿಯಲ್ಲಿ ಇಟ್ಟಿರುತ್ತದೆ. ನಿಮ್ಮಲ್ಲಿ ಅದೂ ಓಡುತ್ತಿರಲಾರದು.

ಅನಾಕ್ರಾನ್ ಪ್ಯಾಕೇಜ್ ಹಾಕಿಕೊಳ್ಳಿ. ಪ್ರತಿಯೊಂದು ಕೆಲಸ ಕೊನೆಯ ಬಾರಿ ಯಾವ ದಿನ ಓಡಿತು ಎಂಬುದನ್ನು ಅದು ಬರೆದಿಟ್ಟುಕೊಂಡು, ಬಾಕಿ ಉಳಿದದ್ದನ್ನು ಯಂತ್ರ ಚಾಲೂ ಆದ ಮೇಲೆ ಓಡಿಸುತ್ತದೆ. ಕ್ರಾನ್‌ನಂತೆಯೇ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸಿಸ್ಟಮ್‌ಡಿ ಟೈಮರ್ ಬರೆಯಬಲ್ಲಿರಾದರೆ ಅದರಲ್ಲಿ ಪರ್ಸಿಸ್ಟೆಂಟ್ ಆಯ್ಕೆಯನ್ನು ಟ್ರೂ ಎಂದು ಇಟ್ಟರೂ ಇದೇ ಫಲ ಸಿಗುತ್ತದೆ.

ಉತ್ತರ: ಹಳೆ ಶೆಲ್

ಓಡುವುದಕ್ಕಿಂತ, ಓಡಿದ್ದು ಫಲಿಸಿತೇ ಎಂಬುದರ ಬಗ್ಗೆ ನನಗೆ ಹೆಚ್ಚು ಕಾಳಜಿ. ಡೇಟಾಬೇಸನ್ನು ಕಡತಕ್ಕೆ ಇಳಿಸುವ ಡಂಪ್ ಆದೇಶದ ಫಲವನ್ನು ಪೈಪ್ ಮೂಲಕ, ಗಾತ್ರ ಕುಗ್ಗಿಸುವ ಜಿಜಿಪ್‌ಗೆ ಹರಿಸುವ ಸ್ಕ್ರಿಪ್ಟ್ ನಿಮ್ಮದಾಗಿದ್ದರೆ, ಡಂಪ್ ಸೋತರೂ ಜಿಜಿಪ್ ಗೆದ್ದದ್ದರಿಂದ ಇಡೀ ಸಾಲು ಗೆದ್ದಿತೆಂದೇ ಶೆಲ್ ತಿಳಿಯುತ್ತದೆ. ಆಗ ಉಳಿಯುವುದು 20 ಬೈಟಿನ ಒಂದು ಕಡತ. ಅದು ಕ್ರಮಬದ್ಧವಾದ ಜಿಜಿಪ್ ಕಡತವೇ, ಪರೀಕ್ಷೆಯಲ್ಲೂ ಪಾಸಾಗುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದು ಬರೆದು, ಪೈಪ್‌ಫೇಲ್ ಆಯ್ಕೆಯನ್ನು ಆನ್ ಮಾಡಿ, ಆಗ ಡಂಪ್ ಸೋತರೆ ಇಡೀ ಸಾಲು ಸೋತಿತೆಂದು ಶೆಲ್ ತಿಳಿಯುತ್ತದೆ. ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಡೇಟಾಬೇಸಿನ ಡಂಪ್ ಪೂರ್ತಿಯಾದಾಗ ಕೊನೆಯಲ್ಲಿ ಡಂಪ್ ಕಂಪ್ಲೀಟೆಡ್ ಎಂಬ ಸಾಲು ಬರುತ್ತದೆ. ಆ ಸಾಲು ಸಿಕ್ಕಿದರೆ ಮಾತ್ರ ಹಳೆಯ ಬ್ಯಾಕಪ್ ಅಳಿಸುವ ಹಂತಕ್ಕೆ ಸ್ಕ್ರಿಪ್ಟ್ ಹೋಗಲಿ. ಮೊದಲು ಅಳಿಸಿ ಆಮೇಲೆ ಹೊಸದನ್ನು ತೆಗೆಯುವ ಕ್ರಮವನ್ನು ದಯವಿಟ್ಟು ಇಟ್ಟುಕೊಳ್ಳಬೇಡಿ. ಆಗಾಗ ಒಂದು ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಬಿಚ್ಚಿ, ಕೋಹಾದಲ್ಲಿ ಹಿಂದಿನ ದಿನ ಎರವಲು ಹೋದ ಪುಸ್ತಕವೊಂದು ಸಿಗುತ್ತದೆಯೇ ಎಂದು ಹುಡುಕಿ ನೋಡುವುದನ್ನು ಮಾತ್ರ ಯಾವ ಸ್ಕ್ರಿಪ್ಟಿಗೂ ಬಿಡದೆ ನೀವೇ ಮಾಡಿ.

ಕಪಾಟು

ಎಲ್ಲರಿಗೂ ಧನ್ಯವಾದ. ಮೇಲ್ ಎಸೆದ ಸಾಲು ಲಾಗ್‌ನಲ್ಲಿ ಸಿಕ್ಕಿತು. ಹೆಸರು ಬದಲಿಸಿ ಅನಾಕ್ರಾನ್ ಹಾಕಿದ ಮೇಲೆ ಇಂದು ಬೆಳಿಗ್ಗೆ ಬ್ಯಾಕಪ್ ತಾನಾಗಿ ಬಂದಿದೆ, ಡಂಪಿನ ಕೊನೆಯ ಸಾಲೂ ಇದೆ. ಕ್ರಾನ್‌ಟ್ಯಾಬ್‌ನ ಹಳೆಯ ಸಾಲನ್ನು ತೆಗೆದಿದ್ದೇನೆ. ಹಳೆಯದನ್ನು ಅಳಿಸಲು ಕಡತ ಹುಡುಕುವ ಫೈಂಡ್ ಆದೇಶದಲ್ಲಿ ಎಮ್‌ಟೈಮ್ (ಕಡತ ಕೊನೆಯ ಬಾರಿ ಬದಲಾದ ಹೊತ್ತು) +7 ಎಂದು ಕೊಟ್ಟಿದ್ದೇನೆ. ಏಳು ದಿನ ದಾಟಿದ ಕೂಡಲೇ ಅದು ಅಳಿಸಬೇಕಲ್ಲವೇ?

ಹಳೆ ಶೆಲ್

ಇಲ್ಲ. ಫೈಂಡ್ ಕಡತದ ವಯಸ್ಸನ್ನು 24 ಗಂಟೆಗಳ ಪೂರ್ಣ ಲೆಕ್ಕದಲ್ಲಿ ಎಣಿಸಿ ಉಳಿದ ಭಾಗವನ್ನು ಬಿಡುವುದರಿಂದ, +7 ಎಂದರೆ ಎಂಟು ದಿನ ತುಂಬಿದ ಕಡತಗಳು. ಬ್ಯಾಕಪ್ ವಿಷಯದಲ್ಲಿ ಒಂದು ದಿನ ಹೆಚ್ಚು ಉಳಿದರೆ ನಷ್ಟವಿಲ್ಲ, ಹಾಗೆಯೇ ಇರಲಿ. ಆದರೆ ಡಿಲೀಟ್ ಎಂಬುದು ಆ ಸಾಲಿನ ಕೊನೆಯಲ್ಲೇ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಫೈಂಡ್ ಎಡದಿಂದ ಬಲಕ್ಕೆ ಒಂದೊಂದೇ ಷರತ್ತನ್ನು ನೋಡುತ್ತಾ ಹೋಗುವುದರಿಂದ, ಎಮ್‌ಟೈಮ್‌ಗಿಂತ ಮುಂಚೆ ಡಿಲೀಟ್ ಇದ್ದರೆ ವಯಸ್ಸು ನೋಡುವ ಮೊದಲೇ ಎಲ್ಲ ಕಡತಗಳೂ ಅಳಿಸಿಹೋಗುತ್ತವೆ. ಮೊದಲ ಸಲ ಡಿಲೀಟ್ ಜಾಗದಲ್ಲಿ ಪ್ರಿಂಟ್ ಎಂದು ಕೊಟ್ಟು ಓಡಿಸಿ, ಪಟ್ಟಿಯಲ್ಲಿ ಹಳೆಯ ಬ್ಯಾಕಪ್‌ಗಳು ಮಾತ್ರ ಇವೆಯೆಂದು ಖಚಿತವಾದ ಮೇಲೆ ಬದಲಿಸಿ.