ಆಸ್ಟ್ರೇಲಿಯಾದಲ್ಲಿ ವೃತ್ತಿ ಕೋರ್ಸ್, ಸ್ಟೂಡೆಂಟ್ ವೀಸಾ: ಬುಧವಾರದವರೆಗೆ ಮೇಡಂ ಅವರನ್ನ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನ ಮೇಡಂ ಇವತ್ತಿನಿಂದ (20ನೇ ತಾರೀಕು, ಗುರುವಾರ) ಮುಂದಿನ ಬುಧವಾರದವರೆಗೆ ಉತ್ತರ ಕೊಡ್ತಾರೆ. ಅವರು ಮೆಲ್ಬರ್ನ್‌ನಲ್ಲಿ ನೋಂದಾಯಿತ ಮೈಗ್ರೇಷನ್ ಏಜೆಂಟ್, ಅಂದ್ರೆ ವೀಸಾ ಸಲಹೆ ಕೊಡುವವರು. ಟೇಫ್ (ಸರ್ಕಾರಿ ವೃತ್ತಿ ಕಾಲೇಜು), ಖಾಸಗಿ ಕಾಲೇಜು, ಸರ್ಟಿಫಿಕೇಟ್, ಡಿಪ್ಲೊಮಾ ಬಗ್ಗೆ ಮಾತ್ರ ಕೇಳಿ. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್ ದಯವಿಟ್ಟು ಹಾಕಬೇಡಿ.

ಶಿವಮೊಗ್ಗ ಹುಡುಗ: ಮೇಡಂ, ಸ್ಟೂಡೆಂಟ್ ವೀಸಾದಲ್ಲಿ 48 ಗಂಟೆ ಕೆಲಸ ಅಂದ್ರೆ ವಾರಕ್ಕಾ, ಎರಡು ವಾರಕ್ಕಾ?

ಮೇಡಂ: ಹದಿನಾಲ್ಕು ದಿನಕ್ಕೆ 48. ಲೆಕ್ಕ ಸೋಮವಾರದಿಂದ ಶುರು. ಕೋರ್ಸಿನ ರಜೆಯಲ್ಲಿ ಮಿತಿ ಇಲ್ಲ. ಕೋರ್ಸ್ ಶುರು ಆಗುವ ಮೊದಲು ಕೆಲಸ ಮಾಡುವಂತಿಲ್ಲ. ಕೋರ್ಸಿನ ಭಾಗವಾಗಿ ಕಡ್ಡಾಯ ಅಂತ ನೋಂದಣಿ ಆಗಿರುವ ಪ್ಲೇಸ್‌ಮೆಂಟ್ (ಕೆಲಸದ ಜಾಗದಲ್ಲಿ ತರಬೇತಿ) ಇದರಲ್ಲಿ ಸೇರುವುದಿಲ್ಲ.

ತುಮಕೂರು ಎಲೆಕ್ಟ್ರಿಷಿಯನ್: ಮೇಡಂ, ಏಜೆಂಟ್ ಒಂದು ಖಾಸಗಿ ಕಾಲೇಜು ಹೇಳ್ತಿದ್ದಾರೆ. ಅದು ಸರಿ ಇದೆಯಾ ಅಂತ ಹೇಗೆ ನೋಡೋದು? ಪೂರ್ತಿ ಎರಡು ವರ್ಷದ ಫೀಸ್ ಈಗಲೇ ಕಟ್ಟಿ ಅಂತಾರೆ.

ಮೇಡಂ: ಮೊದಲು ಕ್ರೈಕಾಸ್ ರಿಜಿಸ್ಟರ್ ನೋಡಿ. ವಿದೇಶಿ ವಿದ್ಯಾರ್ಥಿಗೆ ಪಾಠ ಮಾಡುವ ಕಾಲೇಜೂ ಅಲ್ಲಿರಬೇಕು, ನೀವು ಸೇರುವ ಕೋರ್ಸೂ ಅಲ್ಲಿರಬೇಕು. ಎಷ್ಟೋ ಜನ ಕಾಲೇಜಿನ ಹೆಸರು ನೋಡಿ ಸುಮ್ಮನಾಗ್ತಾರೆ, ಕೋರ್ಸ್ ನೋಡೋದೇ ಇಲ್ಲ. ಆಮೇಲೆ ಆಸ್ಕ್ವಾ ವೆಬ್‌ಸೈಟಿನಲ್ಲಿ ಆ ಕಾಲೇಜಿನ ಮೇಲೆ ಏನಾದರೂ ಕ್ರಮ ಆಗಿದೆಯಾ ಹುಡುಕಿ. ವೃತ್ತಿ ಕಾಲೇಜುಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಅದು. ಇನ್ನು ಫೀಸು. 25 ವಾರಕ್ಕಿಂತ ಉದ್ದದ ಕೋರ್ಸ್ ಆದರೆ, ಶುರುವಾಗುವ ಮೊದಲು ಅರ್ಧಕ್ಕಿಂತ ಜಾಸ್ತಿ ಕಟ್ಟಲೇಬೇಕು ಅಂತ ಕಾಲೇಜು ಕೇಳುವಂತಿಲ್ಲ. ನೀವಾಗೇ ಕಟ್ಟಿದರೆ ಬೇರೆ ಮಾತು. ಕಟ್ಟಬೇಡಿ.

ಹಾಸನದ ಹುಡುಗಿ: ಮೇಡಂ, ತುಂಬಾ ಭಯ ಆಗ್ತಿದೆ. ನಾನು ಖಾಸಗಿ ಕಾಲೇಜಲ್ಲಿ ಕಮರ್ಷಿಯಲ್ ಕುಕರಿ ಓದ್ತಿದ್ದೀನಿ. ಅಪ್ಪನಿಗೆ ಹಾರ್ಟ್ ಆಪರೇಷನ್ ಆಯ್ತು, ಐದು ವಾರ ಊರಿಗೆ ಹೋಗಿದ್ದೆ. ಟೀಚರ್‌ಗೆ ಬಾಯಲ್ಲಿ ಹೇಳಿದ್ದೆ, ಇಮೇಲ್ ಮಾಡಿರಲಿಲ್ಲ. ಆ ಟರ್ಮಿನ ಮೂರು ಯೂನಿಟ್ ಹಿಂದೆ ಬಿದ್ದಿವೆ. ಇವತ್ತು ಜಂಕ್ ಫೋಲ್ಡರ್‌ನಲ್ಲಿ ಕಾಲೇಜಿನ ಪತ್ರ ಸಿಕ್ತು. ಓದಿನ ಪ್ರಗತಿ ಸಾಲದು, ಇಲಾಖೆಗೆ ವರದಿ ಮಾಡುವ ಉದ್ದೇಶ ಇದೆ ಅಂತ ಇದೆ. 3ನೇ ತಾರೀಕು, ಸೋಮವಾರ ಬಂದಿರೋದು. ವೀಸಾ ಹೋಯ್ತಾ ಮೇಡಂ?

ದಾವಣಗೆರೆ ಅಣ್ಣ: ತಂಗಿ, ಭಯ ಬೇಡ. ಇದು ನೋಡಿ, ನಮ್ಮ ಇನ್ನೊಂದು ಗ್ರೂಪಲ್ಲಿ ಬಂದಿದ್ದು: "ಕಾಲೇಜಿಂದ ವಾರ್ನಿಂಗ್ ಲೆಟರ್ ಬಂದರೆ ಉತ್ತರ ಕೊಡಬೇಡಿ. ಮೂರು ದಿನದಲ್ಲಿ ಬೇರೆ ಕಾಲೇಜಿನ ಸಿಓಇ (ಪ್ರವೇಶ ದೃಢೀಕರಣ ಪತ್ರ) ತಗೊಳ್ಳಿ, ಹಳೇ ವರದಿ ತಾನಾಗೇ ರದ್ದು. ಶೆಫ್ ಮತ್ತು ಏಜ್ಡ್ ಕೇರ್‌ನವರಿಗೆ ಕೆಲಸದ ಮಿತಿಯೂ ಇಲ್ಲ. ಎಲ್ಲರಿಗೂ ಕಳಿಸಿ."

ಮೇಡಂ: ದಾವಣಗೆರೆಯವರೇ, ದಯವಿಟ್ಟು ಅದನ್ನ ಅಳಿಸಿ. ಅದರಲ್ಲಿ ಒಂದು ಸಾಲೂ ನಿಜ ಇಲ್ಲ. ಕೋವಿಡ್ ಸಮಯದಲ್ಲಿ ಕೆಲಸದ ಮಿತಿ ಸಡಿಲ ಮಾಡಿದ್ದರು, ಅದು 2023 ಜೂನ್ 30ಕ್ಕೆ ಮುಗೀತು. ಏಜ್ಡ್ ಕೇರ್‌ನಲ್ಲಿ ಆಗಲೇ ಇದ್ದವರಿಗೆ ಕೊಟ್ಟಿದ್ದ ವಿನಾಯಿತಿ ಅದೇ ವರ್ಷದ ಕೊನೆಗೆ ಮುಗೀತು. ಆ ಹಳೇ ಸುದ್ದಿಯನ್ನ ಯಾರೋ ಇನ್ನೂ ತಿರುಗಿಸುತ್ತಿದ್ದಾರೆ. ಅದನ್ನ ನಂಬಿ ಕೆಲಸ ಮಾಡಿ ವೀಸಾ ಕಳಕೊಂಡವರು ನನ್ನ ಮುಂದೆ ಕೂತು ಅತ್ತಿದ್ದಾರೆ.

ಹಾಸನದವರೇ, ನಿಮಗೆ ಉದ್ದವಾಗಿ ಬರೀತೀನಿ. ಎರಡು ಸಲ ಓದಿ.

ವೀಸಾ ಹೋಗಿಲ್ಲ. ವರದಿಯೂ ಇನ್ನೂ ಆಗಿಲ್ಲ. ಪತ್ರದಲ್ಲಿ ಇರೋದು "ಮಾಡುವ ಉದ್ದೇಶ" ಅಂತ. ಕಾಲೇಜಿನೊಳಗೆ ಮೇಲ್ಮನವಿ ಹಾಕೋಕೆ ನಿಮಗೆ 20 ಕೆಲಸದ ದಿನ ಇದೆ. ಶನಿವಾರ, ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ಮಧ್ಯೆ ರಜೆ ಇಲ್ಲ ಅಂತ ಇಟ್ಟುಕೊಂಡರೂ ಇವತ್ತಿಗೆ 13 ಮುಗಿದಿವೆ, 7 ಉಳಿದಿವೆ. ಏಳನೇ ದಿನಕ್ಕೆ ಕಾಯಬೇಡಿ.

ಮೇಲ್ಮನವಿಯ ವಿಚಾರಣೆ ನಡೆಯುವಾಗ ಕಾಲೇಜು ನಿಮ್ಮ ಹೆಸರು ತೆಗೆಯುವಂತಿಲ್ಲ. ಹಾಗಾಗಿ ಕ್ಲಾಸ್ ಬಿಡಬೇಡಿ. ನಾಳೆ ಬೆಳಿಗ್ಗೆಯ ಕಿಚನ್ ಸೆಷನ್‌ಗೂ ಹೋಗಿ.

ಈಗ ಕಾಗದಗಳು. ಅಪ್ಪನ ಡಿಸ್ಚಾರ್ಜ್ ಸಮರಿ, ಆಸ್ಪತ್ರೆ ಬಿಲ್ಲು, ಹೋಗಿ ಬಂದ ಬೋರ್ಡಿಂಗ್ ಪಾಸು. ಕಾಗದ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ. ಮನೆಯವರ ಗಂಭೀರ ಕಾಯಿಲೆಯಂಥ, ನಮ್ಮ ಕೈಮೀರಿದ ಕಾರಣಗಳನ್ನ ಕಾಲೇಜು ಪರಿಗಣಿಸಬೇಕು. ಆದರೆ ಬಾಯಿಮಾತು ಸಾಲದು, ಕಾಗದ ಬೇಕು. ಟೀಚರ್‌ಗೆ ಇವತ್ತೇ ಒಂದು ಇಮೇಲ್ ಹಾಕಿ: "ಇಂಥ ದಿನ, ಇಂಥ ಜಾಗದಲ್ಲಿ ನಿಮಗೆ ಹೇಳಿದ್ದೆ, ನೆನಪಿದೆಯಾ" ಅಂತ. ಅವರು "ಹೌದು" ಅಂತ ಒಂದೇ ಪದ ಬರೆದರೂ ಅದು ನಿಮ್ಮ ಕೈಗೆ ಸಿಕ್ಕ ಸಾಕ್ಷಿ.

ಒಂದು ಪ್ರಶ್ನೆ. ನಿಮ್ಮ ಲಾಗ್‌ಬುಕ್ ಎಲ್ಲಿದೆ? ಎಷ್ಟು ಸರ್ವಿಸ್ ಆಗಿದೆ?

ಹಾಸನದ ಹುಡುಗಿ: ನನ್ನ ಹತ್ರ ಇದೆ ಮೇಡಂ. 48ರಲ್ಲಿ 31 ಆಗಿದೆ. ಆದರೆ 7ಕ್ಕೆ ಶೆಫ್ ಸಹಿ ಹಾಕಿಲ್ಲ, ಬ್ಯುಸಿ ಇದ್ದರು ಅಂತ ಸುಮ್ನೆ ಬಂದ್ಬಿಟ್ಟೆ. ಎರಡು ಪುಟಕ್ಕೆ ಎಣ್ಣೆ ಹತ್ತಿದೆ.

ಮೇಡಂ: ಎಣ್ಣೆ ಇರಲಿ ಬಿಡಿ, ಅಡುಗೆಮನೆಯ ಪುಸ್ತಕ ಅದು. ಗೊತ್ತಿಲ್ಲದವರಿಗೆ ಹೇಳ್ತೀನಿ: ಕುಕರಿ ಸರ್ಟಿಫಿಕೇಟ್ 3 ಮುಗಿಸೋಕೆ 48 ಪೂರ್ತಿ ಸರ್ವಿಸ್ ಮಾಡಿರಬೇಕು. ತಯಾರಿಯಿಂದ ಹಿಡಿದು ಬೆಂಚ್ ಒರೆಸುವವರೆಗೆ. 31 ಆಗಿದೆ ಅಂದರೆ ನೀವು ಓದದೇ ಕೂತಿಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಆ 7ಕ್ಕೆ ನಾಳೆಯೇ ಸಹಿ ಹಾಕಿಸಿ. ನಡೆದಿರೋ ಸರ್ವಿಸ್‌ಗೆ ಮಾತ್ರ, ನಿಜವಾದ ತಾರೀಕಿನ ಜೊತೆ. ಎಲ್ಲ ಪುಟದ ಫೋಟೋ ತೆಗೆದಿಡಿ.

ಜೊತೆಗೆ ಉಳಿದ ಮೂರು ಯೂನಿಟ್ ಯಾವ ವಾರ ಹೇಗೆ ಮುಗಿಸ್ತೀರಿ ಅಂತ ಒಂದು ಪುಟ ಬರೀರಿ. ಕಾಲೇಜು ಮೀಟಿಂಗಿಗೆ ಕರೆದರೆ ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗುವ ಹಕ್ಕಿದೆ. ಅಲ್ಲಿ ಆಗಲಿಲ್ಲ ಅಂದರೆ ಖಾಸಗಿ ಕಾಲೇಜಿನವರು ಕಾಮನ್‌ವೆಲ್ತ್ ಓಂಬುಡ್ಸ್‌ಮನ್ (ದೂರು ಕೇಳುವ ಸರ್ಕಾರಿ ಕಚೇರಿ) ಹತ್ರ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ನೀವು ಅಲ್ಲಿಗೆ ಹೋದರೆ ಅದು ಮುಗಿಯುವವರೆಗೂ ಕಾಲೇಜು ವರದಿ ಮಾಡುವಂತಿಲ್ಲ. ಉತ್ತರ ಕೊಡದೆ ಸುಮ್ಮನಿದ್ದರೆ ಇದೆಲ್ಲ ಕೈತಪ್ಪಿ ಹೋಗುತ್ತೆ. ಆ ಫಾರ್ವರ್ಡ್ ನೋಡಿ ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಬೆಂಗಳೂರು ಟು ಬ್ರಿಸ್ಬೇನ್: ಬೇಜಾರು ಮಾಡ್ಕೋಬೇಡಿ, ಆದರೆ ಲಕ್ಷಾಂತರ ಸಾಲ ಮಾಡಿ ಈರುಳ್ಳಿ ಹೆಚ್ಚೋಕೆ ಅಷ್ಟು ದೂರ ಹೋಗಬೇಕಾ? ಡಿಗ್ರಿ ಮಾಡಿದ್ದರೆ ಈ ಗತಿ ಬರ್ತಿತ್ತಾ?

ತುಮಕೂರು ಎಲೆಕ್ಟ್ರಿಷಿಯನ್: ಸರ್, ಮಾತು ನೋಡ್ಕೊಂಡು ಆಡಿ. ಆ ಹುಡುಗಿ ಅಪ್ಪನ ಆಪರೇಷನ್‌ಗೆ ಹೋಗಿದ್ದು. ನಿಮ್ಮ ಮನೆ ಕರೆಂಟ್ ಹೋದಾಗ ಡಿಗ್ರಿ ಸರ್ಟಿಫಿಕೇಟ್ ಹಿಡ್ಕೊಂಡರೆ ಲೈಟ್ ಬರುತ್ತಾ?

ಬೆಂಗಳೂರು ಟು ಬ್ರಿಸ್ಬೇನ್: ನಾನು ಅವರಿಗೆ ಹೇಳಿದ್ದಲ್ಲ. ಮಾಸ್ಟರ್ಸ್ ವೀಸಾದಲ್ಲಿ ಬಂದು ಎರಡನೇ ತಿಂಗಳಿಗೆ ಡಿಪ್ಲೊಮಾಗೆ ಹಾರುವವರಿಗೆ ಹೇಳಿದ್ದು. ಅಂಥವರಿಂದಲೇ ನಮ್ಮ ತಮ್ಮಂದಿರಿಗೆ ವೀಸಾ ಕಷ್ಟ ಆಗಿರೋದು.

ಕರಾವಳಿ ಹುಡುಗ: ಹಾರದೆ ಏನು ಮಾಡ್ಬೇಕು? ಯೂನಿವರ್ಸಿಟಿ ಫೀಸ್ ಕಟ್ಟೋಕೆ ಆಗ್ಲಿಲ್ಲ, ಹಾರಿದೆ. ಎಲ್ಲರೂ ಮಾಡ್ತಾರೆ. ಏಜೆಂಟೇ ಮಾಡಿಸಿಕೊಟ್ಟ.

ಮೇಡಂ: ಕರಾವಳಿಯವರೇ, ಇದು ವಾದ ಮಾಡುವ ವಿಷಯ ಅಲ್ಲ. ನಿಮ್ಮ ವೀಸಾದ ಮೇಲೆ 8202 ಅಂತ ಒಂದು ಷರತ್ತಿದೆ. ಯಾವ ಹಂತದ ಕೋರ್ಸ್‌ಗೆ ವೀಸಾ ಸಿಕ್ಕಿತೋ ಅದೇ ಹಂತದಲ್ಲಿ ಅಥವಾ ಮೇಲಿನ ಹಂತದಲ್ಲಿ ಇರಬೇಕು. ಮಾಸ್ಟರ್ಸ್‌ನದು 9ನೇ ಹಂತ, ಡಿಪ್ಲೊಮಾದ್ದು 5. ಕೆಳಗೆ ಇಳಿಯಬೇಕಾದರೆ ಮೊದಲು ಹೊಸ ವೀಸಾ ಸಿಗಬೇಕು. ಹೊಸ ಸಿಓಇ ಬಂತು ಅಂದ ಮಾತ್ರಕ್ಕೆ ಆಗಲ್ಲ. ಇನ್ನೊಂದು: ಮುಖ್ಯ ಕೋರ್ಸಿನ ಮೊದಲ ಆರು ತಿಂಗಳು ಮುಗಿಯದೆ, ಕೆಲವು ಸಂದರ್ಭ ಬಿಟ್ಟರೆ, ಬೇರೆ ಕಾಲೇಜು ನಿಮ್ಮನ್ನ ಸೇರಿಸಿಕೊಳ್ಳುವಂತಿಲ್ಲ. ಇವತ್ತೇ ನೋಂದಾಯಿತ ಮೈಗ್ರೇಷನ್ ಏಜೆಂಟ್ ಒಬ್ಬರನ್ನ ಕಾಣಿ. ನನ್ನ ಹತ್ರಾನೇ ಬರಬೇಕು ಅಂತಿಲ್ಲ.

ಎಜುಕೇಷನ್ ಏಜೆಂಟ್ ಮಂಡ್ಯ: ಎಲ್ಲದಕ್ಕೂ ಏಜೆಂಟರನ್ನ ಬೈಯೋದು ಸರಿಯಲ್ಲ ಮೇಡಂ. ನಾವೂ ಕಷ್ಟಪಟ್ಟು ಕೆಲಸ ಮಾಡ್ತೀವಿ.

ಮೇಡಂ: ಕಾಲೇಜಿನ ಅಡ್ಮಿಷನ್ ಮಾಡಿಸಿ, ತಪ್ಪಿಲ್ಲ. ಆಸ್ಟ್ರೇಲಿಯಾದೊಳಗೆ ನೋಂದಣಿ ಇಲ್ಲದೆ ವೀಸಾ ಸಲಹೆ ಕೊಡುವುದು ಅಪರಾಧ. ಅಷ್ಟೇ ನಾನು ಹೇಳೋದು.

ಮೈಸೂರಿನ ಅಪ್ಪ: ಅಮ್ಮಾ, ಮಗನಿಗೆ ಕೋರ್ಸ್ ಶುರುವಾಗುವ ಮೊದಲೇ ವೀಸಾ ರಿಜೆಕ್ಟ್ ಆಯಿತು. ಕಾಲೇಜಿಗೆ ಕಟ್ಟಿದ್ದು ವಾಪಸ್ ಬರಲ್ಲ ಅಂತಾನೆ ಏಜೆಂಟ್. ಸೈಟ್ ಮಾರಿದ ದುಡ್ಡು.

ಮೇಡಂ: ಬರಬೇಕು ಸರ್. ವೀಸಾ ನಿರಾಕರಣೆ ಆದರೆ ಕಾಲೇಜು ಹಿಡಿದುಕೊಳ್ಳಬಹುದಾದ್ದು ಕಟ್ಟಿದ ಹಣದ ಶೇಕಡಾ 5 ಅಥವಾ 500 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅದು. ಉಳಿದದ್ದೆಲ್ಲ ನಿಮ್ಮದು. ವೀಸಾ ಅರ್ಜಿ ಶುಲ್ಕ ಮಾತ್ರ ಬರಲ್ಲ, 2025 ಜುಲೈ 1ರಿಂದ ಅದು 2,000 ಡಾಲರ್ ಆಗಿದೆ. ನೀವು ಕಟ್ಟಿದ್ದು ಕಾಲೇಜಿನ ಖಾತೆಗಾ, ಏಜೆಂಟ್ ಖಾತೆಗಾ? ರಸೀದಿಯಲ್ಲಿ ಯಾರ ಹೆಸರಿದೆ ನೋಡಿ. ನಿರಾಕರಣೆ ಪತ್ರ ಲಗತ್ತಿಸಿ ನೇರ ಕಾಲೇಜಿಗೇ ಬರೀರಿ. ಏಜೆಂಟ್ ಮೂಲಕ ಬೇಡ.

ಮೈಸೂರಿನ ಅಪ್ಪ: ಏಜೆಂಟ್ ಖಾತೆಗೆ ಹಾಕಿದ್ದೆ ಅಮ್ಮಾ.

ಕೋಲಾರ ಕಿರಣ: ನನಗೆ 37. ಡಿಪ್ಲೊಮಾ ಮುಗಿಸಿ 485 ವೀಸಾ (ಓದು ಮುಗಿದ ಮೇಲೆ ಕೆಲಸ ಮಾಡೋಕೆ ಕೊಡೋದು) ಸಿಗುತ್ತಾ?

ಮೇಡಂ: ಇಲ್ಲ. ವೃತ್ತಿ ಕೋರ್ಸ್ ಮುಗಿಸಿದವರಿಗೆ ಅರ್ಜಿ ಹಾಕುವಾಗ 35 ಮೀರಿರಬಾರದು.

ಬೀದರ್ ಬಾಯ್: ಹೆಂಡತಿನ ಜೊತೆಗೆ ಕರ್ಕೊಂಡು ಬರಬಹುದಾ ಮೇಡಂ?

ಉಡುಪಿ ಅಡುಗೆಭಟ್ಟ: ವಾರಕ್ಕೆ 48 ಗಂಟೆ ಅಲ್ವಾ ಮೇಡಂ?

ಮೇಡಂ: ಮೇಲೆ ಬರೆದಿದ್ದೀನಿ.

ದಾವಣಗೆರೆ ಅಣ್ಣ: ಮೇಡಂ, ಅದನ್ನ ಅಳಿಸಿದೆ. ಇದಾದರೂ ನಿಜಾನಾ? "ಕ್ಲಾಸ್ ಇಲ್ಲ, ಎರಡು ವಾರದಲ್ಲಿ ಹಳೆ ಅನುಭವದ ಮೇಲೆ ಸರ್ಟಿಫಿಕೇಟ್."

ಮೇಡಂ: ಅನುಭವವನ್ನ ನೋಡಿ, ಪರೀಕ್ಷಿಸಿ ಅರ್ಹತೆ ಕೊಡುವ ಪದ್ಧತಿ ಇದೆ. ನೋಡದೇ ಮಾರುವವರೂ ಇದ್ದಾರೆ. 2024ರ ಕೊನೆಯಿಂದ ಆಸ್ಕ್ವಾ ಅಂಥ ಕಾಲೇಜುಗಳನ್ನ ಮುಚ್ಚಿಸಿ, ಅವು ಕೊಟ್ಟಿದ್ದ ಸಾವಿರಾರು ಸರ್ಟಿಫಿಕೇಟ್ ರದ್ದು ಮಾಡಿದೆ. ಆ ಕಾಗದದ ಮೇಲೆ ಕೆಲಸಕ್ಕೆ ಸೇರಿದ್ದವರ ಪಾಡು ಯೋಚಿಸಿ. ಸರ್ಟಿಫಿಕೇಟ್ ಸಿಕ್ಕಿದ ಮೇಲೆ ನಿಮ್ಮ ಯುಎಸ್‌ಐ (ವಿದ್ಯಾರ್ಥಿ ಗುರುತಿನ ಸಂಖ್ಯೆ) ಖಾತೆಯ ಟ್ರಾನ್ಸ್‌ಕ್ರಿಪ್ಟ್ ತೆಗೆದು ನೋಡಿ. ಅಲ್ಲಿ ಬಂದಿಲ್ಲ ಅಂದರೆ ಕಾಲೇಜನ್ನ ಕೇಳಿ. ಅಣ್ಣಾ, ಇನ್ನು ಫಾರ್ವರ್ಡ್ ಹಾಕಬೇಡಿ. ಕೈಮುಗಿದು ಕೇಳ್ತೀನಿ.

ದಾವಣಗೆರೆ ಅಣ್ಣ: ಒಳ್ಳೇದು ಮಾಡೋಕೆ ಹೋದರೆ ಹೀಗೆ. ಗ್ರೂಪ್ ಬಿಡ್ತೀನಿ.

ಬೆಂಗಳೂರು ಟು ಬ್ರಿಸ್ಬೇನ್: ಬಿಡಿ, ಯಾರೂ ತಡೆದಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಬೀದರ್ ಬಾಯ್: ಮೇಡಂ, ಹೆಂಡತಿ ಬಗ್ಗೆ ಕೇಳಿದ್ದೆ.

ಮಲೆನಾಡ ಮಗ: ನಾನು ಕೆಲಸ ಮಾಡೋ ರೆಸ್ಟೋರೆಂಟ್ ಓನರ್ ಪಾಸ್‌ಪೋರ್ಟ್ ಇಟ್ಕೊಂಡಿದ್ದಾನೆ. ಗಂಟೆಗೆ 14 ಡಾಲರ್ ಕ್ಯಾಶ್. ಕೇಳಿದರೆ ಇಲಾಖೆಗೆ ಹೇಳ್ತೀನಿ ಅಂತಾನೆ. ಕೆಲವು ವಾರ ಗಂಟೆನೂ

ಮೇಡಂ: ಅಲ್ಲೇ ನಿಲ್ಲಿಸಿ. ಎಷ್ಟು ಗಂಟೆ ಅಂತ ಇಲ್ಲಿ ಬರೀಬೇಡಿ, ನನಗೆ ಖಾಸಗಿಯಾಗಿ ಬರೀರಿ. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ. 2025 ಜುಲೈಯಿಂದ ದೇಶದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್, ಕ್ಯಾಶುಯಲ್ ಆದರೆ ಅದರ ಮೇಲೆ ಇನ್ನೂ ಜಾಸ್ತಿ. ವೀಸಾ ಯಾವುದೇ ಇರಲಿ, ಕೆಲಸಗಾರರ ದೂರು ಕೇಳುವ ಫೇರ್ ವರ್ಕ್ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಯಾವ ದಿನ ಎಷ್ಟು ಹೊತ್ತಿಗೆ ಹೋದ್ರಿ, ಬಂದ್ರಿ ಅಂತ ಇವತ್ತಿಂದ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಈಗಲೇ ಮೆಸೇಜ್ ಮಾಡಿ, ಕಾಯ್ತಿದ್ದೀನಿ.

ಗದಗ ಗೆಳೆಯ: 48 ಗಂಟೆ ರಜೆಯಲ್ಲೂ ಇದೆಯಾ?

ಶಿವಮೊಗ್ಗ ಹುಡುಗ: ಮೇಲೆ ಓದಪ್ಪಾ! ಮೊದಲನೇ ಪ್ರಶ್ನೆನೇ ಅದು.

ಹಾಸನದ ಹುಡುಗಿ: ಮೇಡಂ, ಇವತ್ತು ಮಂಗಳವಾರ, 25. ಮೇಲ್ಮನವಿ ಕೊಟ್ಟೆ. ಏಳೂ ಸಹಿ ಆಯ್ತು. ಶೆಫ್ ತಮ್ಮ ಡೈರಿ ತೆಗೆದು ತಾರೀಕು ನೋಡಿ ಹಾಕಿದರು. ಟೀಚರ್ ಕೂಡ "ಹೌದು, ನೀನು ಹೇಳಿದ್ದೆ" ಅಂತ ಇಮೇಲ್ ಕಳಿಸಿದ್ದಾರೆ.

ಮೇಡಂ: ಒಳ್ಳೆ ಕೆಲಸ ಮಾಡಿದ್ರಮ್ಮ. ಮೇಲ್ಮನವಿ ಸ್ವೀಕರಿಸಿದ್ದೀವಿ ಅಂತ ಕಾಲೇಜಿನ ಇಮೇಲ್ ಬಂತಾ?

ಹಾಸನದ ಹುಡುಗಿ: ಬಂದಿಲ್ಲ ಮೇಡಂ... ಇರಿ, ಬಂದಿದೆ. ಮತ್ತೆ ಜಂಕ್‌ನಲ್ಲೇ ಇತ್ತು.

ಮೇಡಂ: ಆ ವಿಳಾಸವನ್ನ ಕಾಂಟ್ಯಾಕ್ಟ್‌ಗೆ ಸೇರಿಸಿ. ಮೀಟಿಂಗ್ ದಿನ ಗೊತ್ತಾದ ತಕ್ಷಣ ಹೇಳಿ.