ಬರ್ ಕೋಖ್ಬಾ ಕಾಲದ್ದು ದಂಗೆಯೋ, ಬಂಡಾಯವೋ? ಜೊತೆಗೆ ನಾಣ್ಯದ ಮೇಲಿನ ಎರಡು ಪದ

ಎಲ್ಲರಿಗೂ ನಮಸ್ಕಾರ.

ಕ್ರಿ.ಶ. 132ರಲ್ಲಿ ಯೂದಾಯದ (ಜೆರುಸಲೇಮಿನ ಸುತ್ತಲಿನ ಸೀಮೆ) ಯೆಹೂದ್ಯರು ರೋಮ್ ಸಾಮ್ರಾಜ್ಯಕ್ಕೆ ತಿರುಗಿಬಿದ್ದರಲ್ಲ, ಅದರ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರ್ನಾಲ್ಕು ಪದಗಳ ಹತ್ತಿರ ಬರಹ ನಿಂತುಬಿಟ್ಟಿದೆ. ನಿಮ್ಮ ಅಭಿಪ್ರಾಯ ಬೇಕು.

ಹಿನ್ನೆಲೆ ಇಷ್ಟು. ಕ್ರಿ.ಶ. 70ರಲ್ಲೇ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿದ್ದರು. ಅದಾಗಿ ಸುಮಾರು 60 ವರ್ಷಕ್ಕೆ ಹೇಡ್ರಿಯನ್ ಚಕ್ರವರ್ತಿ ಆ ಹಾಳೂರಿನ ಜಾಗದಲ್ಲಿ ಏಲಿಯಾ ಕ್ಯಾಪಿಟೋಲಿನಾ ಎಂಬ ರೋಮನ್ ಪಟ್ಟಣ ಕಟ್ಟಲು ಹೊರಟ. ದೇವಾಲಯ ಇದ್ದ ಕಡೆ ಜುಪಿಟರ್‌ಗೆ ಗುಡಿ ಕಟ್ಟಿಸಲು ಹೊರಟದ್ದೇ ಜನ ಸಿಡಿದೇಳಲು ಕಾರಣ ಎಂದು ರೋಮಿನ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆಯುತ್ತಾನೆ. ಸೀಮೋನ್ ಎಂಬವನ ಹಿಂದೆ ಜನ ನಿಂತರು. ಬರ್ ಕೋಖ್ಬಾ ಎಂದರೆ ಇವನೇ. ಸುಮಾರು ಮೂರು ವರ್ಷ ರೋಮಿಗೆ ನಿದ್ದೆ ಇಲ್ಲ. ಬ್ರಿಟನ್ನಿನಲ್ಲಿದ್ದ ಜೂಲಿಯಸ್ ಸೆವೆರಸ್ ಎಂಬ ದಂಡನಾಯಕನನ್ನು ಅಷ್ಟು ದೂರದಿಂದ ಕರೆಸಬೇಕಾಯಿತು. 135ರಲ್ಲಿ ಜೆರುಸಲೇಮಿನ ನೈಋತ್ಯಕ್ಕಿದ್ದ ಬೇತಾರ್ ಕೋಟೆ ಬಿತ್ತು.

ಈಗ ಮೊದಲ ಪ್ರಶ್ನೆ. ಇದನ್ನು ದಂಗೆ ಎನ್ನೋಣವೇ, ಬಂಡಾಯ ಎನ್ನೋಣವೇ?

ನಮ್ಮಲ್ಲಿ ಎರಡೂ ಪದ ಧಾರಾಳವಾಗಿ ಬಳಕೆಯಲ್ಲಿವೆ. ಹಲಗಲಿ ಬೇಡರದ್ದು ದಂಗೆ, ನರಗುಂದದ್ದು ಬಂಡಾಯ. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಎದ್ದದ್ದನ್ನು ಕೆಲವರು ದಂಗೆ ಎನ್ನುತ್ತಾರೆ, ಕೆಲವರು ಬಂಡಾಯ ಎನ್ನುತ್ತಾರೆ. 1857ರ ಸಿಪಾಯಿ ದಂಗೆ ಪಾಠಪುಸ್ತಕದಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮ ಆದದ್ದು ನಮಗೆಲ್ಲ ಗೊತ್ತೇ ಇದೆ. ದಕ್ಷಿಣ ಕನ್ನಡದವರು ಇನ್ನೊಂದು ಉದಾಹರಣೆ ಕೊಡಬಲ್ಲರು. 1837ರಲ್ಲಿ ಸುಳ್ಯದಿಂದ ಮಂಗಳೂರಿನವರೆಗೆ ನಡೆದ ರೈತರ ಹೋರಾಟವನ್ನು ಅಲ್ಲಿನ ಹಳಬರು ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುತ್ತಿದ್ದರು. ಸೂರೆ, ಲೂಟಿ ಎಂಬ ಅರ್ಥ ಅದರಲ್ಲಿ ಸೇರಿಕೊಂಡಿದೆ. ಈಗ ಅದೇ ಘಟನೆ ಅಮರ ಸುಳ್ಯದ ಹೋರಾಟ. ಹೆಸರು ಇಟ್ಟವರು ಯಾವ ಕಡೆ ನಿಂತಿದ್ದರು ಎಂಬುದು ಹೆಸರಿನಲ್ಲೇ ಕಾಣುತ್ತದೆ.

ನನ್ನ ಕಿವಿಗೆ ದಂಗೆ ಎಂದರೆ ಆಳುವವರ ಕಚೇರಿಯಿಂದ ಬಂದ ಪದ. ದಂಗೆಯನ್ನು ‘ಅಡಗಿಸುತ್ತಾರೆ’. ಅದಕ್ಕೆ ಲೆಕ್ಕಪತ್ರ ಇರುವುದಿಲ್ಲ, ಖಜಾನೆ ಇರುವುದಿಲ್ಲ. ಯೂದಾಯದಲ್ಲಿ ಇವೆಲ್ಲ ಇದ್ದವು. ಸತ್ತ ಸಮುದ್ರದ ಪಕ್ಕದ ಮರುಭೂಮಿಯ ಗವಿಗಳಲ್ಲಿ 1950 ಮತ್ತು 60ರ ದಶಕಗಳಲ್ಲಿ ಆ ಕಾಲದ ಪತ್ರಗಳು ಸಿಕ್ಕವು. ಅವುಗಳಲ್ಲಿ ಹೊಲ ಗೇಣಿಗೆ ಕೊಟ್ಟ ಪತ್ರಗಳೂ ಇವೆ. ಭೂಮಿ ಸೀಮೋನನ ಆಡಳಿತದ್ದು, ಗೇಣಿದಾರ ಧಾನ್ಯ ಅಳೆದು ಕೊಡಬೇಕು. ತಾರೀಖಿನ ಜಾಗದಲ್ಲಿ ಚಕ್ರವರ್ತಿಯ ಹೆಸರಿಲ್ಲ. ‘ಇಸ್ರಾಯೇಲಿನ ಬಿಡುಗಡೆಯ ಇಷ್ಟನೇ ವರ್ಷ’ ಎಂದು ಬರೆದಿದ್ದಾರೆ. ಗೇಣಿ ಪತ್ರ ಬರೆಸುವಷ್ಟು ನೆಲೆನಿಂತ ಆಡಳಿತವನ್ನು ದಂಗೆ ಎಂದು ಹೇಗೆ ಕರೆಯುವುದು?

ಡಿಯೋ ಕೂಡ ಇದನ್ನು ಯುದ್ಧ ಎಂದೇ ಕರೆದಿದ್ದಾನೆ. ‘ಸಣ್ಣದೂ ಅಲ್ಲದ, ಬೇಗ ಮುಗಿಯದೂ ಇದ್ದ ಯುದ್ಧ’ ಎಂಬುದು ಅವನ ಮಾತಿನ ಸಾರ. ಯೆಹೂದ್ಯರ ಮಿಶ್ನಾ ಗ್ರಂಥದಲ್ಲೂ ‘ಕೊನೆಯ ಪೊಲೆಮೋಸ್’ ಎಂಬ ಮಾತು ಬರುತ್ತದೆ. ಪೊಲೆಮೋಸ್ ಗ್ರೀಕಿನಿಂದ ಬಂದ ಪದ, ಅರ್ಥ ಯುದ್ಧ. ಆ ಕೊನೆಯ ಯುದ್ಧದಲ್ಲಿ ಮದುಮಗಳು ಪಲ್ಲಕ್ಕಿಯಲ್ಲಿ ಊರೊಳಗೆ ಮೆರವಣಿಗೆ ಹೋಗಬಾರದು ಎಂದು ಹಿರಿಯರು ಕಟ್ಟಳೆ ಮಾಡಿದರಂತೆ. ಇದು ಬರ್ ಕೋಖ್ಬಾ ಕಾಲದ ಯುದ್ಧ ಎಂದೇ ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ.

ಹಾಗಂತ ಬರೀ ಯುದ್ಧ ಎಂದು ಬರೆದರೆ ಎರಡು ರಾಜರ ಕಾದಾಟದಂತೆ ಕೇಳುತ್ತದೆ. ಜನ ಎದ್ದದ್ದು ಕಾಣುವುದಿಲ್ಲ. ರೋಮನ್ನರು ತಮಗೆ ಬೇಕಾದ ಆಯುಧಗಳನ್ನು ಮಾಡಿಕೊಡಲು ಯೆಹೂದ್ಯರಿಗೇ ಹೇಳಿದಾಗ, ಬೇಕೆಂದೇ ಕೆಟ್ಟದಾಗಿ ಮಾಡಿ ಕೊಟ್ಟರಂತೆ. ರೋಮನ್ನರು ಬೇಡ ಎಂದು ಬಿಟ್ಟರೆ ತಮಗೇ ಉಳಿಯುತ್ತವಲ್ಲ! ಬಯಲಿನಲ್ಲಿ ಎದುರು ನಿಲ್ಲದೆ, ನೆಲದಡಿ ಸುರಂಗ ತೋಡಿ, ಗಾಳಿ ಬೆಳಕಿಗೆ ಮೇಲಿನಿಂದ ಕಿಂಡಿ ಬಿಟ್ಟುಕೊಂಡಿದ್ದರು. ಇದೂ ಡಿಯೋ ಹೇಳಿದ್ದೇ. ಯೂದಾಯದ ತಪ್ಪಲಿನ ಹಳ್ಳಿಗಳಡಿ ಅಂಥ ಅಡಗುದಾಣಗಳು ಈಗಲೂ ಇವೆ. ಇಂಥದ್ದಕ್ಕೆ ನನಗೆ ‘ಬಂಡಾಯ’ವೇ ಸರಿ ಅನ್ನಿಸುತ್ತದೆ. ಟಿಕೆಟ್ ಸಿಗದ ‘ಬಂಡಾಯ ಅಭ್ಯರ್ಥಿ’ ಆ ಪದವನ್ನು ಸ್ವಲ್ಪ ಸವೆಸಿದ್ದಾನೆ, ನಿಜ. ಆದರೆ ರೈತ ಬಂಡಾಯ, ಬಂಡಾಯ ಸಾಹಿತ್ಯ ಎಂದಾಗ ಅದರ ಕಾವು ಇನ್ನೂ ಹಾಗೇ ಇದೆ ಅಲ್ವಾ?

ಎರಡನೇ ಪ್ರಶ್ನೆ ನಾಣ್ಯಗಳದ್ದು. ನನಗೆ ತುಂಬಾ ಮುಖ್ಯ ಅನ್ನಿಸಿರುವುದು ಇದೇ. ಇವರು ಹೊಸ ಲೋಹ ತಂದು ನಾಣ್ಯ ಮಾಡಲಿಲ್ಲ. ಚಲಾವಣೆಯಲ್ಲಿದ್ದ ರೋಮನ್ ನಾಣ್ಯಗಳ ಮೇಲೆಯೇ ತಮ್ಮ ಅಚ್ಚು ಒತ್ತಿದರು. ಕೆಲವು ಬೆಳ್ಳಿ ನಾಣ್ಯಗಳಲ್ಲಿ ಹೀಬ್ರೂ ಅಕ್ಷರಗಳ ಅಡಿಯಲ್ಲಿ ಚಕ್ರವರ್ತಿಯ ಮುಖದ ಗೆರೆ, ಅವನ ಹೆಸರಿನ ಅಕ್ಷರಗಳ ಚೂರು ಇನ್ನೂ ಕಾಣುತ್ತವೆ. ದೊಡ್ಡ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ದೇವಾಲಯದ ಮುಂಭಾಗ, ಇನ್ನೊಂದು ಬದಿಯಲ್ಲಿ ಹಬ್ಬಕ್ಕೆ ಹಿಡಿಯುವ ಖರ್ಜೂರದ ಗರಿ ಮತ್ತು ಮಾದಳದ ಹಣ್ಣು. ದೇವಾಲಯ ಬಿದ್ದು 60 ವರ್ಷ ದಾಟಿತ್ತು ಎಂಬುದನ್ನು ಮರೆಯಬಾರದು.

ಬರಹದಲ್ಲಿ ಎರಡು ಬೇರೆ ಪದಗಳಿವೆ. ಮೊದಲ ವರ್ಷದ ನಾಣ್ಯದಲ್ಲಿ ಇಸ್ರಾಯೇಲಿನ ‘ಗೆಉಲ್ಲಾ’. ಎರಡನೇ ವರ್ಷ ಇಸ್ರಾಯೇಲಿನ ‘ಹೆರೂತ್’. ಆಮೇಲಿನವುಗಳಲ್ಲಿ ವರ್ಷ ಇಲ್ಲ, ‘ಜೆರುಸಲೇಮಿನ ಹೆರೂತ್‌ಗಾಗಿ’ ಎಂದಷ್ಟೇ ಇದೆ. ಎರಡಕ್ಕೂ ಸ್ವಾತಂತ್ರ್ಯ ಎಂದು ಬರೆದುಬಿಟ್ಟರೆ ಈ ಬದಲಾವಣೆಯೇ ಅಳಿಸಿಹೋಗುತ್ತದೆ.

ಗೆಉಲ್ಲಾ ಹೊಲಮನೆಯ ವ್ಯವಹಾರದಿಂದ ಬಂದ ಪದ. ಬಡತನದಿಂದ ಒಬ್ಬ ಜಮೀನು ಮಾರಿಕೊಂಡರೆ ಅವನ ಹತ್ತಿರದ ನೆಂಟ ಹಣ ಕೊಟ್ಟು ಅದನ್ನು ಮರಳಿ ಪಡೆಯಬಹುದು. ತನ್ನನ್ನೇ ಜೀತಕ್ಕೆ ಮಾರಿಕೊಂಡವನಿಗೂ ಇದೇ ದಾರಿ ಇತ್ತು. ಬೈಬಲ್ಲಿನ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಇದರ ಕಟ್ಟಳೆಗಳಿವೆ. ಕನ್ನಡದಲ್ಲಿ ಇದಕ್ಕೆ ನಾವು ದಿನವೂ ಆಡುವ ಮಾತಿದೆ: ‘ಅಡ ಇಟ್ಟ ಓಲೆ ಬಿಡಿಸಿಕೊಂಡು ಬಂದೆ’, ‘ಅಣ್ಣನ ಹೊಲ ಬಿಡಿಸಿಕೊಟ್ಟೆ’. ಹಾಗಾಗಿ ಗೆಉಲ್ಲಾಕ್ಕೆ ‘ಬಿಡುಗಡೆ’ ಇಡೋಣ ಎಂದಿದ್ದೇನೆ. ವಿಮೋಚನೆ ಅಂದರೂ ತಪ್ಪಲ್ಲ, ಆದರೆ ಅದರಲ್ಲಿ ಅಡ ಬಿಡಿಸಿಕೊಂಡ ವಾಸನೆ ಇಲ್ಲ. ಹೆರೂತ್ ಎಂದರೆ ಯಾರ ಆಳೂ ಅಲ್ಲದೆ ಇರುವುದು. ಅದಕ್ಕೆ ‘ಸ್ವಾತಂತ್ರ್ಯ’ ಸಾಕು. ಬಿಡುಗಡೆ ಒಂದು ಸಲ ಆಗುವಂಥದ್ದು, ಸ್ವಾತಂತ್ರ್ಯ ಆಮೇಲೆ ಉಳಿಸಿಕೊಳ್ಳುವಂಥದ್ದು ಎಂದು ನಾನು ಓದಿಕೊಂಡಿದ್ದೇನೆ. ಈ ವಿಂಗಡಣೆ ಒಪ್ಪುತ್ತದೆಯೇ?

ಹೆಸರಿನ ವಿಷಯ. ಪತ್ರಗಳಲ್ಲಿ ಅವನು ಸೀಮೋನ್ ಬರ್ ಕೋಸಿಬಾ. ಅರಾಮಿಕ್‌ನಲ್ಲಿ ಬರ್ ಎಂದರೆ ಮಗ. ಬೈಬಲ್ಲಿನ ಬರಬ್ಬ, ಬಾರ್ತಿಮಾಯ ಹೆಸರುಗಳಲ್ಲಿ ಇರುವುದೂ ಇದೇ. ಬೈಬಲ್ಲಿನ ಅರಣ್ಯಕಾಂಡದಲ್ಲಿ ಯಾಕೋಬನ ವಂಶದಿಂದ ನಕ್ಷತ್ರವೊಂದು ಹುಟ್ಟುತ್ತದೆ ಎಂಬ ಮಾತಿದೆ. ಅದನ್ನು ಹಿಡಿದು ರಬ್ಬಿ (ಯೆಹೂದ್ಯ ಧರ್ಮಗುರು) ಅಕೀವಾ ಇವನನ್ನು ಬರ್ ಕೋಖ್ಬಾ, ನಕ್ಷತ್ರದ ಮಗ, ಎಂದು ಕೊಂಡಾಡಿದರು. ಆಗಲೇ ಯೋಹಾನಾನ್ ಬೆನ್ ತೋರ್ತಾ ಎಂಬ ಇನ್ನೊಬ್ಬ ರಬ್ಬಿ, ‘ಅಕೀವಾ, ನಿನ್ನ ಕೆನ್ನೆಯಲ್ಲಿ ಹುಲ್ಲು ಬೆಳೆದರೂ ದಾವೀದನ ಮಗ ಬಂದಿರುವುದಿಲ್ಲ’ ಎಂದರಂತೆ. ದಾವೀದನ ಮಗ ಎಂದರೆ ಯೆಹೂದ್ಯರು ಕಾಯುತ್ತಿದ್ದ ಮೆಸ್ಸೀಯ, ಬಿಡಿಸಲು ಬರುವವನು. ಸೋತ ಮೇಲೆ ಹೆಸರು ಬರ್ ಕೋಜಿಬಾ ಆಯಿತು, ಸುಳ್ಳಿನ ಮಗ. ಡಿಯೋ ಪ್ರಕಾರ ಕಾದಾಟದಲ್ಲೇ 5,80,000 ಜನ ಸತ್ತರು, 985 ಹಳ್ಳಿಗಳು ನೆಲಸಮವಾದವು. ಹಸಿವು, ರೋಗ, ಬೆಂಕಿಗೆ ಬಲಿಯಾದವರು ಈ ಲೆಕ್ಕದಲ್ಲಿ ಇಲ್ಲ. ಉಳಿದವರಿಗೆ ಜೆರುಸಲೇಮಿಗೆ ಕಾಲಿಡಲೂ ಬಿಡಲಿಲ್ಲ. ಅಷ್ಟು ಕಳೆದುಕೊಂಡವರ ಬಾಯಲ್ಲಿ ಆ ಹೆಸರು ಹುಟ್ಟಿದ್ದು ನನಗೆ ಅರ್ಥವಾಗುತ್ತದೆ. ಬರಹದಲ್ಲಿ ಕೋಸಿಬಾ ಎಂದೇ ಬರೆದು, ಉಳಿದೆರಡನ್ನು ವಿವರಿಸುತ್ತೇನೆ.

ಕೊನೆಯದು ಅವನ ಪದವಿ. ನಾಣ್ಯದಲ್ಲೂ ಪತ್ರದಲ್ಲೂ ಅವನು ‘ಇಸ್ರಾಯೇಲಿನ ನಸೀ’. ರಾಜ ಎಂಬುದಕ್ಕೆ ಹೀಬ್ರೂವಿನಲ್ಲಿ ಬೇರೆ ಪದವಿದೆ, ಅದನ್ನು ಬಳಸಿಲ್ಲ. ಹಾಗಾಗಿ ದೊರೆ, ಅರಸ ಬೇಡ. ‘ನಾಸಿ’ ಎಂದು ಬರೆದರೆ ಮಕ್ಕಳು ನಾಜಿ ಎಂದು ಓದುವ ಅಪಾಯವಿದೆ. ಅದು ಆಗಲೇಬಾರದು. ಮುಂದಾಳು ಎನ್ನಬಹುದೇ? ಪತ್ರಗಳ ದನಿ ನೋಡಿದರೆ ಅದು ಮೆದುವಾಯಿತೇನೋ. ಸತ್ತ ಸಮುದ್ರದ ದಡದ ಏನ್‌ಗೆದಿ ಊರಿನ ತನ್ನ ಅಧಿಕಾರಿಗಳಿಗೆ ಅವನು ಬರೆದದ್ದರ ಸಾರ: ಹಾಯಾಗಿ ಕೂತು ಇಸ್ರಾಯೇಲ್ ಮನೆತನದ ಸೊತ್ತಿನಲ್ಲಿ ತಿಂದು ಕುಡಿಯುತ್ತಿದ್ದೀರಿ, ನಿಮ್ಮ ಅಣ್ಣತಮ್ಮಂದಿರ ಚಿಂತೆಯೇ ನಿಮಗಿಲ್ಲ. ಇನ್ನೊಬ್ಬನಿಗೆ, ಹೇಳಿದಂತೆ ಕೇಳದಿದ್ದರೆ ಕಾಲಿಗೆ ಬೇಡಿ ಹಾಕುತ್ತೇನೆ ಎಂಬ ಎಚ್ಚರಿಕೆ. ಹೀಗೆ ಗದರುವವನಿಗೆ, ಅರಸನಲ್ಲದವನಿಗೆ, ನಿಮ್ಮ ಸೀಮೆಯ ಮಾತಿನಲ್ಲಿ ಒಪ್ಪುವ ಪದ ಯಾವುದು? ಒಡೆಯ, ನಾಯಕ, ಹೆಗ್ಗಡೆ ಮೂರನ್ನೂ ಬರೆದು ಹೊಡೆದುಹಾಕಿದ್ದೇನೆ. ಈ ವಾರದೊಳಗೆ ಯಾರಾದರೂ ತಿಳಿಸಿದರೆ ಉಪಕಾರ.